ಹಳೇ ಬುಲೆಟ್‌ಗೆ ಹೊಸ ಕಾರ್ಬೊರೇಟರ್: ಎರಡೂವರೆ ವರ್ಷ, 21 ಸಾವಿರ ಕಿಲೋಮೀಟರ್

ಮೊದಲು ಐಡ್ಲಿಂಗ್ ಬಗ್ಗೆ ಹೇಳಿಬಿಡುತ್ತೇನೆ. ನಾನು ಬರೆಯಲು ಕೂತದ್ದೇ ಅದಕ್ಕಾಗಿ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ, ಒಂದು ನಿಮಿಷ ಬಿಟ್ಟು ಚೋಕ್ ತೆಗೆದು, ಆಕ್ಸಿಲರೇಟರ್‌ನಿಂದ ಕೈ ಬಿಟ್ಟು ಒಳಗೆ ಹೋಗಿ ಹೆಲ್ಮೆಟ್, ಬ್ಯಾಗು ತರುತ್ತೇನೆ. ಬರುವವರೆಗೂ ಅದು ಅಂಗಳದಲ್ಲಿ ನಿಧಾನಕ್ಕೆ, ಒಂದೇ ಸಮ, ಡುಗ್ ಡುಗ್ ಎನ್ನುತ್ತಾ ನಿಂತಿರುತ್ತದೆ. ಅಪ್ಪ 1998ರಲ್ಲಿ ಈ ಬುಲೆಟ್ 350 ತಂದಾಗ ಹೀಗೇ ಇತ್ತು. ನಡುವೆ ಏಳೆಂಟು ವರ್ಷ ಈ ಸದ್ದು ನಮ್ಮ ಮನೆಯಲ್ಲಿ ಕೇಳಿಸಿರಲಿಲ್ಲ.

ಆ ಏಳೆಂಟು ವರ್ಷ ಗಾಡಿ ಸಿಗ್ನಲ್ಲಿನಲ್ಲಿ ಆಫ್ ಆಗದೆ ನಿಲ್ಲುತ್ತಿರಲಿಲ್ಲ. ಸ್ಲೋ ಇಟ್ಟರೆ ಆಫ್ ಆಗುತ್ತಿತ್ತು. ಸ್ಕ್ರೂ ತಿರುಗಿಸಿ ಏರಿಸಿದರೆ ಕ್ಲಚ್ ಹಿಡಿದಾಗ ಕಿರುಚುತ್ತಿತ್ತು. ಗಾಳಿ, ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರ್‌ಗೆ ರಿಪೇರಿ ಕಿಟ್ ಎರಡು ಸಲ ಹಾಕಿಸಿದೆ. ಪೆಟ್ರೋಲ್ ಬರುವ ತೂತಿನ ಜೆಟ್, ಅದರಲ್ಲಿ ಆಡುವ ನೀಡಲ್, ಪ್ಯಾಕಿಂಗ್ ಎಲ್ಲಾ ಹೊಸದು, ಆದರೂ ತಿಂಗಳೊಳಗೆ ಅದೇ ಕಥೆ. ಸವೆದದ್ದು ಬೇರೆಯೇ ಆಗಿತ್ತು. ಆಕ್ಸಿಲರೇಟರ್ ತಿರುವಿದಾಗ ಕಾರ್ಬೊರೇಟರ್ ಒಳಗೆ ಮೇಲೆ ಕೆಳಗೆ ಆಡುವ ಸ್ಲೈಡ್ ಇದೆಯಲ್ಲ, ಅದೂ ಸವೆದಿತ್ತು, ಅದು ಆಡುವ ಬಾಡಿಯೂ ಸವೆದಿತ್ತು. ಆ ಸಂದಿನಿಂದ ಬೇಡದ ಗಾಳಿ ಒಳಗೆ ಹೋಗುತ್ತಿತ್ತು. ಕಿಟ್‌ನಲ್ಲಿ ಬಾಡಿ ಬರುವುದಿಲ್ಲ. ನಿಮ್ಮ ಹಳೇ ಗಾಡಿಯೂ ಹೀಗೆ ಮಾಡುತ್ತಿದ್ದರೆ, ಕಿಟ್‌ಗೆ ದುಡ್ಡು ಹಾಕುವ ಮೊದಲು ಏರ್ ಫಿಲ್ಟರ್ ಕಡೆಯ ಹೋಸ್ ಬಿಚ್ಚಿ, ಬೆರಳಲ್ಲಿ ಸ್ಲೈಡ್ ಅಲ್ಲಾಡಿಸಿ ನೋಡಿ. ಟಕಟಕ ಅಂದರೆ ಇಡೀ ಕಾರ್ಬೊರೇಟರ್ ಬದಲಿಸುವ ಕಾಲ ಬಂದಿದೆ.

ಬದಲಿಸುವಾಗ ನಾನು ಮೊದಲು ತಪ್ಪು ಮಾಡಿದೆ. ಒರಿಜಿನಲ್‌ನ ಅರ್ಧ ಬೆಲೆಗೆ ಆನ್‌ಲೈನಿನಲ್ಲಿ ಒಂದು ಸಿಕ್ಕಿತು, ತರಿಸಿದೆ. ಹೊರಗಿನಿಂದ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ಜೆಟ್ ಮೇಲೆ ಸರಿಯಾದ ನಂಬರೇ ಇತ್ತು, ಆದರೆ ನೂರು ಕಿಲೋಮೀಟರ್ ಓಡಿಸಿ ಸ್ಪಾರ್ಕ್ ಪ್ಲಗ್ ತೆಗೆದರೆ ಕಾಡಿಗೆಯಷ್ಟು ಕಪ್ಪು, ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿತ್ತು. ಲೀಟರಿಗೆ 24 ಕಿಲೋಮೀಟರ್ ಬಂತು. ಇಂಜಿನ್‌ಗೆ ಕೂರುವ ಫ್ಲ್ಯಾಂಜನ್ನು ಗಾಜಿನ ಮೇಲೆ ಇಟ್ಟು ನೋಡಿದಾಗ ಅಡಿಯಲ್ಲಿ ಕಾಗದ ತೂರುತ್ತಿತ್ತು, ಅಂದರೆ ಅದು ಸಮತಟ್ಟೇ ಇರಲಿಲ್ಲ. ಆರು ತಿಂಗಳು ಅದರ ಜೊತೆ ಗುದ್ದಾಡಿ ಬಿಚ್ಚಿಸಿದೆ. ಉಳಿಸಿದ ದುಡ್ಡು ಪೆಟ್ರೋಲಿಗೇ ಹೋಯಿತು. ಈಗಲೂ ಅದಕ್ಕೆ ಬೇಜಾರಿದೆ.

ಗೆಳೆಯನೊಬ್ಬ ದೊಡ್ಡದು, ಬಾಯಿ 28 ಎಂಎಂ ಇರುವುದು ಹಾಕು ಅಂದ. ಜಾಸ್ತಿ ಓಡುತ್ತೆ ಅಂತ. ನನ್ನ ಓಡಾಟ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ವಾರಕ್ಕೆ ಮೂರು ದಿನ, ತಿಂಗಳಿಗೊಮ್ಮೆ ಚಾರ್ಮಾಡಿ ಇಳಿದು ಮಂಗಳೂರಿನ ತಂಗಿ ಮನೆಗೆ. ಎಲ್ಲಾ 50-60ರ ವೇಗ. ಬಾಯಿ ದೊಡ್ಡದಾದರೆ ಕಡಿಮೆ ವೇಗದಲ್ಲಿ ಅದರೊಳಗೆ ಗಾಳಿಯ ಓಟ ನಿಧಾನವಾಗುತ್ತದೆ, ಪೆಟ್ರೋಲ್ ಸರಿಯಾಗಿ ಹನಿ ಒಡೆಯುವುದಿಲ್ಲ. ಘಾಟಿ ಹತ್ತುವವನಿಗೆ ಬೇಕಾದದ್ದು ಕೆಳಗಿನ ಎಳೆತ. ಹಾಗಾಗಿ ಬೆಂಗಳೂರಿನ ಜೆಸಿ ರೋಡಿಗೆ ಹೋಗಿ, ಗಾಡಿ ಜೊತೆ ಬಂದಿದ್ದ ಅದೇ ಮಿಕ್‌ಕಾರ್ಬ್ ವಿಎಂ24 (24 ಎಂಎಂ) ತಂದೆ. ಮೂರು ಸಾವಿರದ ಹತ್ತಿರ ಆಯಿತು. ಜೊತೆಗೆ ಇಂಜಿನ್ ಬಿಸಿ ತಡೆಯುವ ಹೊಸ ಹೈಲಂ ಪ್ಯಾಕಿಂಗ್, ಓ ರಿಂಗ್.

ಕೂರಿಸುವಾಗ ನಮ್ಮ ಮೆಕ್ಯಾನಿಕ್ ಎರಡು ನಟ್ಟುಗಳನ್ನು ಅರ್ಧರ್ಧ ಸುತ್ತಿನಂತೆ ಸರದಿಯಲ್ಲಿ ಬಿಗಿ ಮಾಡಿದರು. "ಜಾಸ್ತಿ ಬಿಗಿದ್ರೆ ಬಾಗುತ್ತೆ ಸಾರ್, ಆಮೇಲೆ ಹೊಸದೂ ಹಳೇದೂ ಒಂದೇ" ಅಂದರು. ಐಡ್ಲಿಂಗ್‌ಗೆ ಗಾಳಿ ಹೊಂದಿಸುವ ಏರ್ ಸ್ಕ್ರೂ ಪೂರ್ತಿ ಒಳಗೆ ಹಾಕಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಅಷ್ಟೇ. ಎರಡನೇ ಕಿಕ್‌ಗೆ ಹಿಡಿಯಿತು. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ನಿಂತರು.

ಈಗಿನ ಬೆಳಗಿನ ಕ್ರಮ ಹೀಗಿದೆ. ಪೆಟ್ರೋಲ್ ಟ್ಯಾಪ್ ತೆಗೆದು, ಕಾರ್ಬೊರೇಟರ್ ಅಡಿಯಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ತುಂಬಲು ಒಂದರ್ಧ ನಿಮಿಷ ಬಿಡುತ್ತೇನೆ. ಅಷ್ಟರಲ್ಲಿ ಟ್ಯಾಂಕ್ ಮೇಲಿನ ಇಬ್ಬನಿ ಒರೆಸುತ್ತೇನೆ. ಚೋಕ್ ಹಾಕಿ, ಕೀ ತಿರುಗಿಸಿ, ಆಂಪಿಯರ್ ಮೀಟರ್ ಮುಳ್ಳು ನಡುವೆ ಬರುವವರೆಗೆ ಕಿಕ್ಕರನ್ನು ಮೆಲ್ಲಗೆ ಒತ್ತುತ್ತೇನೆ. ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಸರ್ ಲಿವರ್ ಹಿಡಿದು ಚೂರು ದಾಟಿಸಿ ಬಿಡುತ್ತೇನೆ. ಆಮೇಲೆ ಒಂದೇ ಒದೆತ. ಸಂಜೆ ಮನೆಗೆ ಇನ್ನೂರು ಮೀಟರ್ ಇರುವಾಗ ಟ್ಯಾಪ್ ಮುಚ್ಚಿಬಿಡುತ್ತೇನೆ. ಬೌಲಿನಲ್ಲಿ ಉಳಿದ ಪೆಟ್ರೋಲಿನಲ್ಲೇ ಶೆಡ್ಡು ಸೇರುತ್ತದೆ. ಮೊದಲ ವರ್ಷ ನಾನು ಇದನ್ನು ಮಾಡುತ್ತಿರಲಿಲ್ಲ.

ಕಲಿತದ್ದು ಎರಡನೇ ಮಳೆಗಾಲದಲ್ಲಿ. ಒಂದು ರಾತ್ರಿ ಬೌಲ್ ತುಂಬಿ ಪೆಟ್ರೋಲ್ ನೆಲಕ್ಕೆ ಸುರಿದಿತ್ತು. ಶೆಡ್ಡಿನ ಗೋಡೆ ಆಚೆಗೇ ಬಚ್ಚಲೊಲೆ. ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಲು ಹೋದ ಅಮ್ಮನಿಗೆ ವಾಸನೆ ಬಂದು ಕಡ್ಡಿ ಗೀರದೆ ನನ್ನನ್ನು ಎಬ್ಬಿಸಿದರು. ಆ ದಿನ ಕೈ ನಡುಗಿತು. ಮಾರಿಬಿಡೋಣ ಅಂತಲೂ ಅನಿಸಿತು. ಬಿಚ್ಚಿ ನೋಡಿದರೆ, ಬೌಲ್ ತುಂಬಿದ ಮೇಲೆ ಪೆಟ್ರೋಲ್ ನಿಲ್ಲಿಸುವ ನೀಡಲ್ ವಾಲ್ವ್ ಕೂರುವ ಜಾಗದಲ್ಲಿ ತುಕ್ಕಿನ ಪುಡಿ. ಕಾರ್ಬೊರೇಟರ್ ತಪ್ಪಲ್ಲ, ನಮ್ಮ ಹಳೇ ಟ್ಯಾಂಕಿನದು. ಈಗ ಪೆಟ್ರೋಲಿನಲ್ಲಿ ಬರುವ ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನ ಹಳೇ ಕೊಳೆಯನ್ನೂ ಸಡಿಲ ಮಾಡುತ್ತದೆ. ಮಲೆನಾಡಿನ ಮಳೆಗೆ ಕೇಳಬೇಕೇ. ಟ್ಯಾಂಕ್ ತೊಳೆಸಿ, ಪೈಪ್ ಬದಲಿಸಿ, ನಡುವೆ ಒಂದು ಸಣ್ಣ ಫಿಲ್ಟರ್ ಹಾಕಿಸಿದೆ. ಅದಾದ ಮೇಲೆ ಒಂದು ಹನಿ ಸೋರಿಲ್ಲ. ಹೊಸ ಕಾರ್ಬೊರೇಟರ್ ಹಾಕುವ ದಿನವೇ ಇದನ್ನೂ ಮಾಡಿಸಿಕೊಳ್ಳಿ, ದಯವಿಟ್ಟು.

ಶೇಕಡಾ 20 ಎಥೆನಾಲ್ ಇರುವ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ನಮ್ಮ ಕಡೆ ಬಂಕ್‌ಗಳಿಗೆ ಅದು ಬಂದ ಮೇಲೆ ಪ್ಲಗ್ ಬೆಳ್ಳಗಾಗತೊಡಗಿತು, ಅಂದರೆ ಪೆಟ್ರೋಲ್ ಸಾಲುತ್ತಿರಲಿಲ್ಲ. ಎಥೆನಾಲ್ ಒಳಗೇ ಆಕ್ಸಿಜನ್ ಇರುವುದರಿಂದ ಅಷ್ಟೇ ಗಾಳಿಗೆ ಇಂಧನ ಸ್ವಲ್ಪ ಜಾಸ್ತಿ ಬೇಕು. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ಇದನ್ನು ನೋಡಿಕೊಳ್ಳುತ್ತದೆ, ಕಾರ್ಬೊರೇಟರ್‌ಗೆ ನಾವೇ ಹೇಳಿಕೊಡಬೇಕು. ನೀಡಲ್‌ನ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರೆ ನೀಡಲ್ ಮೇಲೇರಿ ಪೆಟ್ರೋಲ್ ಜಾಸ್ತಿ ಬರುತ್ತದೆ. ಖರ್ಚೇ ಇಲ್ಲ. ಮೇನ್ ಜೆಟ್ಟನ್ನೂ 90ರಿಂದ 95ಕ್ಕೆ ಬದಲಿಸಿದೆ. ಜೆಟ್ಟಿನ ತೂತನ್ನು ತಂತಿಯಿಂದ ಅಗಲ ಮಾಡುವವರಿದ್ದಾರೆ, ಬೇಡವೇ ಬೇಡ. ಈಗ ಪ್ಲಗ್ ಬಣ್ಣ ಹಾಲು ಕಡಿಮೆ ಹಾಕಿದ ಕಾಫಿಯ ಹಾಗಿದೆ. ಲೀಟರಿಗೆ 32 ಬರುತ್ತಿದೆ.

ಮೂಡಿಗೆರೆ 900 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿ ಟ್ಯೂನ್ ಮಾಡಿದ ಗಾಡಿ ಮಂಗಳೂರಿನ ದಪ್ಪ ಗಾಳಿಗೆ ಹೋದರೆ ಅದಕ್ಕೆ ಪೆಟ್ರೋಲ್ ಚೂರು ಸಾಲುವುದಿಲ್ಲ. ಹಾಗಾಗಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಘಾಟಿ ಇಳಿದು, ಉಜಿರೆಯಲ್ಲಿ ನಿಲ್ಲಿಸಿ ಏರ್ ಸ್ಕ್ರೂವನ್ನು ಕಾಲು ಸುತ್ತು ಒಳಗೆ ತಿರುಗಿಸುತ್ತೇನೆ. ವಾಪಸ್ ಬರುವಾಗ ಮತ್ತೆ ಕಾಲು ಸುತ್ತು ಹೊರಗೆ. ಇದಕ್ಕೆಂದೇ ಜೇಬಿನಲ್ಲಿ ಒಂದು ಗಿಡ್ಡ ಸ್ಕ್ರೂಡ್ರೈವರ್ ಇರುತ್ತದೆ.

ವರ್ಷಕ್ಕೆ ನಾಲ್ಕು ಸಲ ಮಾತ್ರ ಗಾಡಿ ತೆಗೆಯುವವರಿಗೆ ಇಷ್ಟೆಲ್ಲಾ ಬೇಕಿಲ್ಲ, ಒಳ್ಳೆ ಮೆಕ್ಯಾನಿಕ್ ಹತ್ತಿರ ಕ್ಲೀನ್ ಮಾಡಿಸಿದರೆ ಸಾಕು. ನನ್ನ ಹಾಗೆ ವಾರವಾರವೂ ಓಡಿಸುವವರು ಒರಿಜಿನಲ್ 24 ಬಿಟ್ಟು ಬೇರೆ ನೋಡಬೇಡಿ. ಜೂನ್‌ಗೆ ಮುಂಚೆ ಇನ್ನೊಂದು ನೀಡಲ್ ವಾಲ್ವ್, ಒಂದು ಬೌಲ್ ಪ್ಯಾಕಿಂಗ್ ತಂದು ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೇನೆ.