ಪಿಕಪ್‌ಗೆ 250 ಜಿಎಸ್‌ಎಂ ಪ್ಲಾಸ್ಟಿಕ್ ಟಾರ್ಪಾಲು: ತೂಕ ಹಾಕಿಸಿ ಕೊಳ್ಳಿ

ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ಪಿಕಪ್ ಬಾಡಿಗೆ 15×12 ಅಡಿ ಟಾರ್ಪಾಲು ಸರಿಯಾದ ಅಳತೆ. ಸುತ್ತಲೂ ಮೂರಡಿ ಇಳಿಬೀಳುತ್ತದೆ. ಮೇಲೆ 250 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 250 ಗ್ರಾಂ ತೂಕ) ಎಂದು ಅಚ್ಚು ಹಾಕಿದ್ದರೆ ಸಾಲದು, ತಕ್ಕಡಿಗೆ ಹಾಕಿಸಿ. ಸುಮಾರು 4.2 ಕೆ.ಜಿ. ತೂಗಬೇಕು. ಮೂರೇ ಕೆ.ಜಿ. ಬಂದರೆ ಅದು 180ರ ಮಾಲು, ವಾಪಸ್ ಕೊಡಿ.

ಟಾರ್ಪಾಲು ಮೊದಲು ಹರಿಯುವುದು ನಡುವೆ ಅಲ್ಲ, ಅಂಚಿನಲ್ಲಿ ಹಗ್ಗ ಕಟ್ಟುವ ರಿಂಗಿನ ಹತ್ತಿರ. ಮಡಿಚಿ ಹೊಲಿದ ಅಂಚಿನೊಳಗೆ ಹಗ್ಗ ಇದೆಯೇ ಎಂದು ಬೆರಳಲ್ಲಿ ಒತ್ತಿ ನೋಡಿ. ಇಲ್ಲದಿದ್ದರೆ ಹೈವೇ ಗಾಳಿಗೆ ಪಟಪಟ ಬಡಿದು ರಿಂಗು ಅಂಚಿನ ಸಮೇತ ಕಿತ್ತು ಬರುತ್ತದೆ. ರಿಂಗುಗಳನ್ನು ಮೂರಡಿಗೊಂದು ಕೊಟ್ಟಿದ್ದರೆ ಒಂದೂವರೆ ಅಡಿಗೊಂದರಂತೆ ಹಾಕಿಸಿಕೊಳ್ಳಿ.

ಮಳೆಗೆ ಇದು ನಂಬಿಕಸ್ಥ ಮಾಲು. ಈರುಳ್ಳಿ ಲೋಡಿಗೆ ಮಾತ್ರ ಬೇಡವೇ ಬೇಡ: ಒಳಗೆ ಬೆವರು ಹನಿಗಟ್ಟಿ ಈರುಳ್ಳಿ ಕೊಳೆಯುತ್ತದೆ. ಅದಕ್ಕೆ ಗಾಳಿಯಾಡುವ ಹತ್ತಿ ಕ್ಯಾನ್ವಾಸೇ ಆಗಬೇಕು.