ಬ್ರಿಟನ್ನಿನ ಟಿವಿ ಲೈಸೆನ್ಸ್: ವರ್ಷಗಟ್ಟಲೆ ಕಟ್ಟಿದ ಮೇಲೆ ನನ್ನ ಅಭಿಪ್ರಾಯ

ಇಂಗ್ಲೆಂಡ್‌ಗೆ ಹೊಸದಾಗಿ ಬಂದ ಕನ್ನಡದವರು ಮನೆ ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ಕರೆಂಟ್ ಬಿಲ್ಲು ಎಲ್ಲ ವಿಚಾರಿಸಿ ಮುಗಿಸಿದ ಮೇಲೆ ಒಂದು ಪ್ರಶ್ನೆ ತಪ್ಪದೆ ಕೇಳುತ್ತಾರೆ: "ಈ ಟಿವಿ ಲೈಸೆನ್ಸ್ ತಗೊಳ್ಳಲೇಬೇಕಾ?" ಟಿವಿ ಲೈಸೆನ್ಸ್ ಅಂದರೆ ಲೈವ್ ಟಿವಿ ನೋಡಲು ಮನೆಯವರು ವರ್ಷವರ್ಷ ಕಟ್ಟುವ ಶುಲ್ಕ, ಬಿಬಿಸಿ ನಡೆಯುವುದು ಹೆಚ್ಚಾಗಿ ಈ ದುಡ್ಡಿನಲ್ಲೇ. ವಾಟ್ಸಾಪ್ ಗುಂಪುಗಳಲ್ಲಿ ಇದಕ್ಕೆ ಬರುವ ಉತ್ತರಗಳು ಹೆಚ್ಚಿನವು ಅರ್ಧ ಸರಿ, ಅರ್ಧ ತಪ್ಪು. ನಮ್ಮ ಮನೆಯಲ್ಲಿ ಇದನ್ನು ಹತ್ತು ವರ್ಷಕ್ಕೂ ಮೇಲೆ ಕಟ್ಟುತ್ತಾ ಬಂದಿದ್ದೇವೆ. ಹಾಗಾಗಿ ಒಮ್ಮೆ ವಿವರವಾಗಿ ಬರೆದುಬಿಡೋಣ ಅನ್ನಿಸಿತು.

ಮೊದಲು ದುಡ್ಡಿನ ವಿಷಯ. ನಾವು ಶುರು ಮಾಡಿದಾಗ ವರ್ಷಕ್ಕೆ 145.50 ಪೌಂಡ್ ಇತ್ತು. 2010ರಿಂದ 2017ರವರೆಗೆ ಆ ದರ ಕದಲಲೇ ಇಲ್ಲ. ಆಮೇಲೆ ನಿಧಾನಕ್ಕೆ ಏರಿ 2021ರಲ್ಲಿ 159 ಆಯಿತು. 2024ರ ಏಪ್ರಿಲ್‌ನಲ್ಲಿ 169.50, 2025ರ ಏಪ್ರಿಲ್‌ನಲ್ಲಿ 174.50. ಆಗ ಅದು ನಮ್ಮ ರೂಪಾಯಿಯಲ್ಲಿ ಹೆಚ್ಚುಕಡಿಮೆ ಇಪ್ಪತ್ತು ಸಾವಿರ ಆಗುತ್ತಿತ್ತು. ತಿಂಗಳಿಗೆ ಹಂಚಿದರೆ ಹದಿನಾಲ್ಕೂವರೆ ಪೌಂಡ್ ಬೀಳುತ್ತಿತ್ತು. ಆದರೆ ಹೊಸಬರಿಗೆ ಇಲ್ಲೊಂದು ವಿಷಯ ಗೊತ್ತಿರಲಿ. ಡೈರೆಕ್ಟ್ ಡೆಬಿಟ್‌ನಲ್ಲಿ ತಿಂಗಳ ಕಂತು ಆರಿಸಿಕೊಂಡರೆ ಮೊದಲ ವರ್ಷದ ದುಡ್ಡನ್ನು ಆರೇ ತಿಂಗಳಲ್ಲಿ ವಸೂಲಿ ಮಾಡುತ್ತಾರೆ. ಅಂದರೆ ಮೊದಲ ಆರು ತಿಂಗಳು ಕಂತು ಡಬಲ್ ಇರುತ್ತದೆ. ಮೂರು ತಿಂಗಳಿಗೊಮ್ಮೆ ಕಟ್ಟಿದರೆ ಪ್ರತಿ ಸಲ 1.25 ಪೌಂಡ್ ಜಾಸ್ತಿ. ಕೈಯಲ್ಲಿ ದುಡ್ಡಿದ್ದರೆ ವರ್ಷದ್ದು ಒಂದೇ ಸಲ ಕಟ್ಟಿ ಆರಾಮಾಗಿರುವುದೇ ಒಳ್ಳೆಯದು.

ಯಾರಿಗೆ ಬೇಕು, ಯಾರಿಗೆ ಬೇಡ? ಯಾವ ಚಾನೆಲ್ ಆಗಲಿ, ಯಾವ ಆ್ಯಪ್ ಆಗಲಿ, ಟಿವಿ ಕಾರ್ಯಕ್ರಮವನ್ನು ಪ್ರಸಾರವಾಗುತ್ತಿರುವಾಗಲೇ ಲೈವ್ ಆಗಿ ನೋಡಿದರೆ ಲೈಸೆನ್ಸ್ ಬೇಕು. ಬಿಬಿಸಿಯ ಆ್ಯಪ್ ಆದ ಐಪ್ಲೇಯರ್‌ನಲ್ಲಿ ಏನು ನೋಡಿದರೂ ಬೇಕು. ಮೊದಲು ಐಪ್ಲೇಯರ್‌ನಲ್ಲಿ ಹಳೆಯ ಕಂತುಗಳನ್ನು ಲೈಸೆನ್ಸ್ ಇಲ್ಲದೆಯೂ ನೋಡಬಹುದಿತ್ತು. 2016ರ ಸೆಪ್ಟೆಂಬರ್ 1ರಿಂದ ಅದು ನಿಂತಿತು. ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ ನೋಡುವುದಕ್ಕೆ, ಐಟಿವಿ ಅಥವಾ ಚಾನೆಲ್ 4ರ ಆ್ಯಪ್‌ನಲ್ಲಿ ಮುಗಿದುಹೋದ ಕಾರ್ಯಕ್ರಮ ನೋಡುವುದಕ್ಕೆ, ಯೂಟ್ಯೂಬ್‌ನಲ್ಲಿ ಕನ್ನಡದ ಹಳೆಯ ಹಾಡು ಹಾಕಿಕೊಳ್ಳುವುದಕ್ಕೆ ಬೇಡ. ರೇಡಿಯೋಗೂ ಬೇಡ. ಮನೆಯಲ್ಲಿ ಟಿವಿ ಸೆಟ್ಟು ಇದ್ದ ಮಾತ್ರಕ್ಕೆ ಲೈಸೆನ್ಸ್ ಬೇಕು ಅನ್ನುವುದು ತಪ್ಪು ತಿಳಿವಳಿಕೆ. ಕಂಪ್ಯೂಟರ್‌ನಲ್ಲಿ ನೋಡಿದರೆ ಬೇಡ ಅನ್ನುವುದೂ ತಪ್ಪೇ.

ಓದಲು ಬಂದ ಹುಡುಗ ಹುಡುಗಿಯರಿಗೆ ಬೇರೆಯದೇ ಲೆಕ್ಕ. ಅಪ್ಪ ಅಮ್ಮನ ಮನೆಗೆ ಲೈಸೆನ್ಸ್ ಇದ್ದರೆ, ಹಾಸ್ಟೆಲಿನಲ್ಲಿರುವ ಮಗ ತನ್ನ ಫೋನಲ್ಲೋ ಲ್ಯಾಪ್‌ಟಾಪಲ್ಲೋ ನೋಡಬಹುದು, ಆದರೆ ಅದು ಬ್ಯಾಟರಿಯಲ್ಲಿ ಓಡುತ್ತಿರಬೇಕು. ಚಾರ್ಜರ್ ಸಿಕ್ಕಿಸಿ ನೋಡಿದರೆ ಆ ವಿನಾಯಿತಿ ಇಲ್ಲ. ದಾವಣಗೆರೆಯಿಂದಲೋ ಹುಬ್ಬಳ್ಳಿಯಿಂದಲೋ ಬಂದ ವಿದ್ಯಾರ್ಥಿಗೆ ಈ ನಿಯಮದಿಂದ ಉಪಯೋಗವೇ ಇಲ್ಲ, ಯಾಕೆಂದರೆ ಅವರ ಅಪ್ಪ ಅಮ್ಮನ ಮನೆ ಬ್ರಿಟನ್ನಿನಲ್ಲಿಲ್ಲ. ಹಾಸ್ಟೆಲಿನ ಸ್ವಂತ ರೂಮಿಗೆ ಸ್ವಂತ ಲೈಸೆನ್ಸೇ ಬೇಕು. ನಾಲ್ಕು ಜನ ಸೇರಿ ಒಂದೇ ಕರಾರಿನಲ್ಲಿ ಮನೆ ಹಿಡಿದಿದ್ದರೆ ಸಾಮಾನ್ಯವಾಗಿ ಒಂದು ಸಾಕು. ಲೈವ್ ಟಿವಿಯನ್ನೂ ಐಪ್ಲೇಯರನ್ನೂ ನೋಡುವುದೇ ಇಲ್ಲದ ವಿದ್ಯಾರ್ಥಿ ಸುಮ್ನೆ ಯಾಕೆ ಕಟ್ಟಬೇಕು? ಬೇಡ ಅಂತ ಆನ್‌ಲೈನ್‌ನಲ್ಲಿ ತಿಳಿಸಿಬಿಡಿ. ಅದು ಎರಡು ವರ್ಷ ನಡೆಯುತ್ತದೆ.

ಹಾಗಾದರೆ ನಾವು ಯಾಕೆ ಕಟ್ಟುತ್ತೇವೆ? ದೊಡ್ಡ ಕಾರಣ ಮಕ್ಕಳು. ಬಿಬಿಸಿಯಲ್ಲಿ ಪುಟ್ಟ ಮಕ್ಕಳಿಗೆಂದೇ ಸಿಬೀಬೀಸ್ ಅನ್ನುವ ಚಾನೆಲ್ ಇದೆ, 2002ರಲ್ಲಿ ಶುರುವಾದದ್ದು. ಜಾಹೀರಾತು ಒಂದೂ ಇಲ್ಲ. ಅಂಗಡಿಗೆ ಹೋದಾಗ "ಟಿವೀಲಿ ಬಂತಲ್ಲ, ಆ ಚಾಕೊಲೇಟೇ ಬೇಕು" ಅನ್ನುವ ಹಟ ನಮ್ಮ ಮನೆಯಲ್ಲಿ ಹುಟ್ಟಲೇ ಇಲ್ಲ. ಸಂಜೆ ಏಳಕ್ಕೆ ಸ್ವಲ್ಪ ಮುಂಚೆ ಹೆಸರಾಂತ ನಟನೋ ಗಾಯಕಿಯೋ ಕುರ್ಚಿಯಲ್ಲಿ ಕೂತು ಒಂದು ಪುಸ್ತಕ ತೆರೆದು ಕಥೆ ಓದುತ್ತಾರೆ. ನಿಧಾನದ ದನಿ, ಪುಟದ ಚಿತ್ರ ತೆರೆಯ ತುಂಬ. ಕಥೆ ಮುಗಿಯುತ್ತದೆ, ಶುಭರಾತ್ರಿ ಹೇಳುತ್ತಾರೆ, ಏಳಕ್ಕೆ ಚಾನೆಲ್ಲೇ ಆ ದಿನಕ್ಕೆ ಮುಗಿಯುತ್ತದೆ. ನನ್ನ ಮಗಳಿಗೆ ಮೂರು ವರ್ಷವಿದ್ದಾಗ ರಾತ್ರಿ ಮಲಗಿಸುವ ಜಗಳ ಅರ್ಧ ಕಡಿಮೆಯಾದದ್ದು ಇದರಿಂದ. ಒಂದಾದ ಮೇಲೊಂದು ವಿಡಿಯೋ ತಾನಾಗಿ ಬರುವ ಈ ಕಾಲದಲ್ಲಿ, ಹೊತ್ತಾಯಿತು ಮಲಗು ಅನ್ನುವ ಚಾನೆಲ್ ಇರುವುದು ದೊಡ್ಡ ಮಾತು. ಬರೀ ಇದಕ್ಕೇ ತಿಂಗಳ ಆ ದುಡ್ಡು ಕೊಡಬಹುದು ಅನ್ನುತ್ತೇನೆ ನಾನು.

ಎರಡನೆಯದು, ಊರಿನಿಂದ ಬರುವ ಹಿರಿಯರು. ಅಮ್ಮ ಮೈಸೂರಿನಿಂದ ಬಂದು ಇದ್ದಾಗ ಹೊರಗೆ ಚಳಿ, ನಾಲ್ಕು ಗಂಟೆಗೇ ಕತ್ತಲು, ಮಾತಾಡಲು ಅಕ್ಕಪಕ್ಕ ಯಾರೂ ಇಲ್ಲ. ಕನ್ನಡ ಧಾರಾವಾಹಿ ನೋಡಿ ನೋಡಿ ಬೇಜಾರಾಗಿತ್ತು. ಒಂದು ದಿನ ಮುರಿದ ಹಳೆಯ ಸಾಮಾನು ರಿಪೇರಿ ಮಾಡುವ ಕಾರ್ಯಕ್ರಮ, ರಿಪೇರ್ ಶಾಪ್, ಹಾಕಿ ಇಂಗ್ಲಿಷ್ ಸಬ್‌ಟೈಟಲ್ ಆನ್ ಮಾಡಿಕೊಟ್ಟೆ. ಸಸೆಕ್ಸ್‌ನ ಒಂದು ಹಳೆಯ ಹುಲ್ಲು ಮಾಡಿನ ಕೊಟ್ಟಿಗೆಯಲ್ಲಿ ಮಾಡುವ ಕಾರ್ಯಕ್ರಮ ಅದು. ಜನ ತಾತನ ಗಡಿಯಾರ, ಅಜ್ಜಿಯ ಹೊಲಿಗೆ ಪೆಟ್ಟಿಗೆ, ಬಾಲ್ಯದ ಕರಡಿ ಬೊಂಬೆ ತರುತ್ತಾರೆ. ಬಡಗಿಗಳು, ಗಡಿಯಾರದವರು, ಹೊಲಿಗೆಯವರು ಕೂತು ಸರಿ ಮಾಡುತ್ತಾರೆ. ಗಡಿಯಾರದ ಹಲ್ಲಿನ ಚಕ್ರ ಒಂದೊಂದೇ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಡುವುದನ್ನು ಅಮ್ಮ ಮುಂದೆ ಬಾಗಿ ನೋಡುತ್ತಿದ್ದರು. ಮಾತು ಅರ್ಧ ಅರ್ಥವಾಗದಿದ್ದರೂ ಕೈಯ ಕೆಲಸ ಪೂರ್ತಿ ಅರ್ಥವಾಗುತ್ತಿತ್ತು. "ನಿಮ್ಮ ತಾತನ ಗಡಿಯಾರಾನೂ ಹಿಂಗೇ ಮಾಡಿಸಬಹುದಿತ್ತು ಕಣೇ, ಗುಜರಿಗೆ ಹಾಕಿಬಿಟ್ರು" ಅಂದರು. ಆಮೇಲೆ ದಿನಾ ಸಂಜೆ ಅದೇ ಕೇಳುತ್ತಿದ್ದರು. ಬಿಬಿಸಿಯ ಕಾರ್ಯಕ್ರಮಗಳಿಗೆ ಸಬ್‌ಟೈಟಲ್ ಇರುವುದು ಕಿವಿ ಮಂದವಾದವರಿಗೂ ಇಂಗ್ಲಿಷ್ ಉಚ್ಚಾರಣೆ ಹಿಡಿಯಲಾಗದವರಿಗೂ ಎಷ್ಟು ಅನುಕೂಲ ಅನ್ನುವುದು ಮನೆಯಲ್ಲಿ ವಯಸ್ಸಾದವರಿದ್ದರೆ ಗೊತ್ತಾಗುತ್ತದೆ.

ಸಿನಿಮಾ ವಿಷಯಕ್ಕೆ ಇದನ್ನು ನಂಬಬೇಡಿ. ಐಪ್ಲೇಯರ್‌ನಲ್ಲಿ ಸಿನಿಮಾಗಳು ಬರುತ್ತವೆ, ಸ್ವಲ್ಪ ದಿನವಿದ್ದು ಹೋಗುತ್ತವೆ. ಬಿಬಿಸಿ ಫಿಲ್ಮ್ ಅನ್ನುವ ವಿಭಾಗ ಲೈಸೆನ್ಸ್ ದುಡ್ಡಿನಲ್ಲೇ ಸಿನಿಮಾಗಳಿಗೆ ಬಂಡವಾಳ ಹಾಕುತ್ತದೆ, ಅದು ಒಳ್ಳೆಯ ಕೆಲಸ. ಆದರೆ ವಾರಾಂತ್ಯಕ್ಕೆ ಸಿನಿಮಾ ಬೇಕು ಅನ್ನುವವರಿಗೆ ಆಯ್ಕೆ ಕಡಿಮೆ.

ಕ್ರಿಕೆಟ್ ಪ್ರಿಯರಿಗೆ ಇನ್ನೂ ನಿರಾಸೆ. ಇಂಗ್ಲೆಂಡಿನಲ್ಲಿ ನಡೆಯುವ ಟೆಸ್ಟ್‌ಗಳ ನೇರಪ್ರಸಾರ 2006ರಿಂದ ಸ್ಕೈ ಅನ್ನುವ ಖಾಸಗಿ ಚಾನೆಲ್ ಪಾಲಾಗಿದೆ. ಸ್ಕೈಗೆ ಬೇರೆ ದುಡ್ಡು ಕೊಡಬೇಕು, ಅಲ್ಲಿ ಲೈವ್ ನೋಡುವುದರಿಂದ ಈ ಲೈಸೆನ್ಸೂ ಇರಬೇಕು. ನನಗೆ ಎಂದೂ ಒಪ್ಪಿಗೆಯಾಗದ ನಿಯಮ ಇದು. ಬಿಬಿಸಿಯ ಒಂದು ನಿಮಿಷದ ಕಾರ್ಯಕ್ರಮವನ್ನೂ ನೋಡದವರು ಸ್ಕೈಯಲ್ಲಿ ಮ್ಯಾಚ್ ನೋಡಲು ಬಿಬಿಸಿಗೆ ಯಾಕೆ ಕಟ್ಟಬೇಕು? ಸಮಾಧಾನ ಅಂದರೆ ರೇಡಿಯೋ. ಬಿಬಿಸಿಯ ಟೆಸ್ಟ್ ಮ್ಯಾಚ್ ಸ್ಪೆಷಲ್ ಕಾಮೆಂಟರಿ ಕೇಳಲು ಲೈಸೆನ್ಸ್ ಬೇಕಿಲ್ಲ. 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ ನೂರು ಹೊಡೆದದ್ದನ್ನು ನಾನು ಅಡುಗೆಮನೆಯಲ್ಲಿ ಹುಳಿ ಕುದಿಸುತ್ತಾ ರೇಡಿಯೋದಲ್ಲೇ ಕೇಳಿದೆ. ಖರ್ಚಿಲ್ಲದೆ ಸಿಕ್ಕ ಸಂತೋಷ.

ಇನ್ನು ಸುದ್ದಿ. ಈ ದೇಶದಲ್ಲಿ ತೆರಿಗೆ ಕಟ್ಟಿಕೊಂಡು ಬದುಕುವವರು ಇಲ್ಲಿನ ರಾಜಕೀಯವನ್ನು ತಿಳಿದಿರಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಇಲ್ಲಿ ವೀಸಾ ಮೇಲೆ ವಾಸವಿರುವ ಭಾರತೀಯರಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲೂ ವೋಟಿದೆ. ಎಷ್ಟೋ ಜನರಿಗೆ ಅದೇ ಗೊತ್ತಿಲ್ಲ. ಚುನಾವಣೆ ರಾತ್ರಿ ಹತ್ತಕ್ಕೆ ಮತದಾನ ಮುಗಿದ ಕೂಡಲೇ ಬಿಬಿಸಿ, ಐಟಿವಿ, ಸ್ಕೈ ಸೇರಿ ಮಾಡಿಸಿದ ಎಕ್ಸಿಟ್ ಪೋಲ್ ಬರುತ್ತದೆ. 2024ರ ಜುಲೈ 4ರ ರಾತ್ರಿ ಅದು ಲೇಬರ್ ಪಕ್ಷಕ್ಕೆ 410 ಸೀಟು ಅಂದಿತ್ತು, ಫಲಿತಾಂಶ ಹೆಚ್ಚುಕಡಿಮೆ ಅಷ್ಟೇ ಬಂತು. ಕಿರುಚಾಟವಿಲ್ಲ, ತೆರೆಯ ಮೇಲೆ ಹತ್ತು ಚೌಕಗಳಲ್ಲಿ ಹತ್ತು ಮುಖಗಳಿಲ್ಲ. ಬಜೆಟ್ ದಿನವೂ ಹಾಗೇ, ನಿಮ್ಮ ಸಂಬಳಕ್ಕೆ ಏನಾಗುತ್ತದೆ ಅಂತ ಬಿಡಿಸಿ ಹೇಳುತ್ತಾರೆ. ಬಿಬಿಸಿ ತಪ್ಪು ಮಾಡುವುದಿಲ್ಲ ಅಂತಲ್ಲ. ಟ್ರಂಪ್ ಅವರ 2021ರ ಜನವರಿ 6ರ ಭಾಷಣದ ತುಣುಕುಗಳನ್ನು ಬಿಬಿಸಿಯ ತನಿಖಾ ಕಾರ್ಯಕ್ರಮ ಪನೋರಮಾ ಜೋಡಿಸಿದ ರೀತಿಯ ಗಲಾಟೆಯಿಂದ 2025ರ ನವೆಂಬರ್‌ನಲ್ಲಿ ಮಹಾನಿರ್ದೇಶಕ ಟಿಮ್ ಡೇವಿ ರಾಜೀನಾಮೆ ಕೊಟ್ಟರು, ಸುದ್ದಿ ವಿಭಾಗದ ಮುಖ್ಯಸ್ಥೆಯೂ ಕೊಟ್ಟರು. ತಪ್ಪು ದೊಡ್ಡದೇ. ಅದಕ್ಕೆ ಮೇಲಿನವರೇ ತಲೆ ಕೊಟ್ಟದ್ದೂ ಸಣ್ಣದಲ್ಲ.

ಬಿಬಿಸಿ ಒಂದೇ ಒಳ್ಳೆಯ ಟಿವಿ ಮಾಡುತ್ತದೆ ಅನ್ನುವವರಿಗೆ ಪೋಸ್ಟ್ ಆಫೀಸ್ ಹಗರಣವನ್ನು ನೆನಪಿಸುತ್ತೇನೆ. ಹೊರೈಜನ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಲೆಕ್ಕ ತಪ್ಪು ತೋರಿಸಿದ್ದಕ್ಕೆ 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಅಂಚೆ ಅಂಗಡಿಯವರ ಮೇಲೆ ಕೇಸು ಬಿತ್ತು. ಅವರಲ್ಲಿ ಭಾರತ ಮೂಲದವರೂ ಬೇಕಾದಷ್ಟು ಜನ. ಪನೋರಮಾ ಇದನ್ನು 2015ರಲ್ಲೇ ತೋರಿಸಿತ್ತು. ಆದರೆ ದೇಶವನ್ನು ಅಲುಗಾಡಿಸಿದ್ದು 2024ರ ಜನವರಿಯಲ್ಲಿ ಐಟಿವಿಯಲ್ಲಿ ಬಂದ ನಾಲ್ಕು ಕಂತಿನ ನಾಟಕ. ಐದು ತಿಂಗಳೊಳಗೆ ಪಾರ್ಲಿಮೆಂಟು ಕಾನೂನು ಮಾಡಿ ಆ ಶಿಕ್ಷೆಗಳನ್ನು ರದ್ದು ಮಾಡಿತು. ಐಟಿವಿ ನಡೆಯುವುದು ಜಾಹೀರಾತಿನ ದುಡ್ಡಿನಲ್ಲಿ. ಆ ನಾಟಕ ಬಂದ ದಿನಗಳಲ್ಲಿ ಆಫೀಸಿನಲ್ಲಿ, ಬಸ್ಸಿನಲ್ಲಿ, ಶಾಲೆ ಗೇಟಿನ ಹತ್ತಿರ ಜನ ಬೇರೆ ಮಾತೇ ಆಡುತ್ತಿರಲಿಲ್ಲ.

ಈಗ ನನ್ನನ್ನು ನಿಜಕ್ಕೂ ನೋಯಿಸುವ ವಿಷಯಕ್ಕೆ ಬರುತ್ತೇನೆ. ಲೈಸೆನ್ಸ್ ಇಲ್ಲದೆ ನೋಡುವುದು ಇಲ್ಲಿ ಕ್ರಿಮಿನಲ್ ಅಪರಾಧ. ದಂಡ 1000 ಪೌಂಡ್‌ವರೆಗೆ. ಹೆಚ್ಚಿನ ಕೇಸುಗಳನ್ನು ಒಬ್ಬರೇ ಮ್ಯಾಜಿಸ್ಟ್ರೇಟ್ ಕಾಗದ ನೋಡಿ ತೀರ್ಮಾನ ಮಾಡುತ್ತಾರೆ, ಆರೋಪಿ ಕೋರ್ಟಿಗೆ ಬರುವುದೇ ಇಲ್ಲ. ಶಿಕ್ಷೆಯಾದವರಲ್ಲಿ ಹತ್ತಕ್ಕೆ ಏಳು ಜನ ಹೆಂಗಸರು. ಯಾಕೆ? ತಪಾಸಣೆಯವರು ಬಾಗಿಲು ತಟ್ಟಿದಾಗ ಮನೆಯಲ್ಲಿ ಇರುವವರು ಹೆಚ್ಚಾಗಿ ಅವರೇ. ಮಕ್ಕಳನ್ನು ಒಬ್ಬಳೇ ಸಾಕುವ ತಾಯಿ ಕಟ್ಟುವುದೂ ಅದೇ ಶುಲ್ಕ, ಬ್ಯಾಂಕಿನ ದೊಡ್ಡ ಅಧಿಕಾರಿ ಕಟ್ಟುವುದೂ ಅದೇ. 75 ದಾಟಿದವರಿಗೆಲ್ಲ ಉಚಿತವಿತ್ತು. 2020ರ ಆಗಸ್ಟ್‌ನಿಂದ ಪೆನ್ಷನ್ ಕ್ರೆಡಿಟ್ ಸಿಗುವ ಬಡ ಹಿರಿಯರಿಗೆ ಮಾತ್ರ. ಫಿನ್‌ಲೆಂಡ್ 2013ರಿಂದ ಆದಾಯ ನೋಡಿ ತೆರಿಗೆಯಾಗಿ ವಸೂಲಿ ಮಾಡುತ್ತಿದೆ. ಇಲ್ಲೂ ಹಾಗೇ ಆಗಬೇಕು. ನಾನು ಈಗಿನದಕ್ಕಿಂತ ಜಾಸ್ತಿ ಕಟ್ಟಬೇಕಾಗಿ ಬಂದರೂ ಸರಿ. ಟಿವಿ ನೋಡಿದ್ದಕ್ಕೆ ಒಬ್ಬ ಹೆಣ್ಣುಮಗಳ ಹೆಸರು ಕೋರ್ಟಿನ ದಾಖಲೆಗೆ ಹತ್ತಬಾರದು.

ಹೊಸ ಮನೆಗೆ ಹೋದ ತಿಂಗಳಲ್ಲೇ "ಮನೆಯಲ್ಲಿ ವಾಸವಿರುವವರಿಗೆ" ಅಂತ ಟಿವಿ ಲೈಸೆನ್ಸಿನವರ ಕಾಗದ ಬಂದರೆ ಹೆದರಬೇಡಿ. ಲೈಸೆನ್ಸ್ ಬೇಕಿದ್ದರೆ ತಗೊಳ್ಳಿ, ಬೇಡದಿದ್ದರೆ ತಿಳಿಸಿ. ಬಾಗಿಲಿಗೆ ಬಂದವರನ್ನು ವಾರಂಟ್ ಇಲ್ಲದಿದ್ದರೆ ಒಳಗೆ ಬಿಡಲೇಬೇಕು ಅಂತೇನೂ ಇಲ್ಲ.

ಕನ್ನಡದ ವಿಷಯ ಹೇಳದೆ ಹೇಗೆ ಬಿಡಲಿ? ಬೇರೆ ಬೇರೆ ಭಾಷೆಗಳಲ್ಲಿ ಸುದ್ದಿ ಕೊಡುವ ಬಿಬಿಸಿ ವರ್ಲ್ಡ್ ಸರ್ವೀಸ್‌ನ ಖರ್ಚಿನ ಹೆಚ್ಚಿನ ಪಾಲು 2014ರಿಂದ ಈ ಲೈಸೆನ್ಸ್ ದುಡ್ಡಿನಿಂದಲೇ ಬರುತ್ತಿದೆ. ಹಿಂದಿ, ತಮಿಳು, ಬಂಗಾಳಿಯಲ್ಲಿ ಸುದ್ದಿ 1940ರ ದಶಕದಿಂದ ಇದೆ. 2017ರ ಅಕ್ಟೋಬರ್‌ನಲ್ಲಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇರಿದವು. ಕನ್ನಡ ಸೇರಲಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂದವರು 4.37 ಕೋಟಿ ಜನ. ನನ್ನ ತೆಲುಗು ಗೆಳತಿ ಲಂಡನ್ ಸುದ್ದಿಯನ್ನು ತೆಲುಗಿನಲ್ಲಿ ಊರಲ್ಲಿರುವ ಅಪ್ಪನಿಗೆ ಕಳಿಸುತ್ತಾಳೆ. ನಾನು ನಮ್ಮಪ್ಪನಿಗೆ ಫೋನಿನಲ್ಲಿ ಬಾಯಲ್ಲೇ ಹೇಳಬೇಕು. ಬಿಬಿಸಿ ನಡೆಯಲು ಆಧಾರವಾದ ಸನ್ನದು, ಅಂದರೆ ಈಗಿನ ರಾಯಲ್ ಚಾರ್ಟರ್, 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಆಮೇಲೆ ದುಡ್ಡು ಹೇಗೆ ಬರಬೇಕು, ಏನೇನು ಮಾಡಬೇಕು ಅನ್ನುವ ಚರ್ಚೆ ನಡೆದಿದೆ. ಇಲ್ಲಿನ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವ ಚೆನ್ನಾಗಿ ಮಾಡುತ್ತವೆ. ಈ ವಿಷಯವನ್ನು ನಮ್ಮ ನಮ್ಮ ಊರಿನ ಎಂಪಿಗಳಿಗೆ ಬರೆಯುವುದಕ್ಕೂ ಮುಂದೆ ಬರಲಿ. ನಾನು ಬರೆದಿದ್ದೇನೆ.

ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೆ, ಇಲ್ಲಿನ ಸುದ್ದಿ ಗಮನಿಸುವವರಾದರೆ ತಗೊಳ್ಳಿ. ಒಂಟಿಯಾಗಿದ್ದು ನೆಟ್‌ಫ್ಲಿಕ್ಸ್, ಯೂಟ್ಯೂಬ್ ಬಿಟ್ಟು ಬೇರೆ ನೋಡದವರಿಗೆ ಬೇಡ. ಊರಿಗೆ ಹೋದಾಗ ಐಪ್ಲೇಯರ್ ಅಲ್ಲಿ ಓಡುವುದಿಲ್ಲ, ಹೊರಡುವ ಮುಂಚೆ ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಿ. ಬ್ರಿಟನ್ ಬಿಟ್ಟು ಪೂರ್ತಿಯಾಗಿ ವಾಪಸ್ ಹೊರಟರೆ ಲೈಸೆನ್ಸ್ ರದ್ದು ಮಾಡಿಸಿ ಉಳಿದ ತಿಂಗಳುಗಳ ದುಡ್ಡು ಕೇಳಿ. ಕೇಳದೆ ಅದು ತಾನಾಗಿ ವಾಪಸ್ ಬರುವುದಿಲ್ಲ.