ಎಂಟು ವರ್ಷದಲ್ಲಿ ಎರಡು ಸಲ ಬಣ್ಣ ಕಂಡ ನನ್ನ ಫ್ರಾಂಕನ್‌ಸ್ಟೈನ್ ಕಿಟ್

ಬಿಡಿ ಭಾಗ ಜೋಡಿಸಿ ಬಣ್ಣ ಹಚ್ಚಿ ಗೊಂಬೆ ಮಾಡುವ ಈ ಕಿಟ್ ನಮ್ಮ ಮನೆಗೆ ಬಂದು ಎಂಟು ವರ್ಷ ಆಯಿತು. ಜೋಡಿಸಿದ ತಿಂಗಳೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೆ. ಈಗ ಐದಕ್ಕೆ ಐದು. ದಾವಣಗೆರೆಯಲ್ಲಿ ಈ ಹವ್ಯಾಸದವರು ಕಮ್ಮಿ, ಕೇಳಿ ತಿಳಿದುಕೊಳ್ಳೋಣ ಅಂದರೆ ಯಾರೂ ಸಿಗುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. 1931ರ 'ಫ್ರಾಂಕನ್‌ಸ್ಟೈನ್' ಸಿನಿಮಾದಲ್ಲಿ ನಟ ಬೋರಿಸ್ ಕಾರ್ಲಾಫ್ ಪಾತ್ರ ಮಾಡಿದ ಆ ದೈತ್ಯನನ್ನು ಅಮೆರಿಕದ ಅರೋರಾ ಕಂಪನಿ 1960ರ ದಶಕದ ಶುರುವಿನಲ್ಲಿ ಪ್ಲಾಸ್ಟಿಕ್ ಕಿಟ್ ಮಾಡಿ ಮಾರಿತು. ಆಗ ಬೆಲೆ 98 ಸೆಂಟ್. ಪೆಟ್ಟಿಗೆ ಮೇಲಿನ ಚಿತ್ರ ಬರೆದವರು ಜೇಮ್ಸ್ ಬಾಮಾ. ಅದು ಚೆನ್ನಾಗಿ ಓಡಿದ ಮೇಲೆ ಡ್ರಾಕುಲಾ, ತೋಳಮಾನವ, ಮಮ್ಮಿ ಎಲ್ಲಾ ಬಂದವು. ಅರೋರಾ ಮುಚ್ಚಿಹೋದರೂ ಆ ಕಿಟ್‌ಗಳನ್ನು ಬೇರೆ ಬೇರೆ ಕಂಪನಿಗಳು ಮತ್ತೆ ಮತ್ತೆ ತಂದಿವೆ. ನನ್ನದೂ ಹಾಗೆ ಮತ್ತೆ ಬಂದದ್ದೇ. ಅಳತೆ ಎಂಟನೇ ಒಂದು ಭಾಗ, ಅಂದರೆ ಆರು ಅಡಿ ಮನುಷ್ಯ ಒಂಬತ್ತು ಇಂಚು ಆಗುತ್ತಾನೆ. ಬಣ್ಣ, ಅಂಟು ಯಾವುದೂ ಜೊತೆಗೆ ಬರುವುದಿಲ್ಲ. ರೆಡಿ ಗೊಂಬೆ ಅಂದುಕೊಂಡು ತರಿಸಬೇಡಿ.

ಜೋಡಿಸುವುದು ಸುಲಭ, ಆದರೆ ಅಂಚುಗಳು ಸರಿಯಾಗಿ ಕೂಡುವುದಿಲ್ಲ. ನನ್ನ ಕಿಟ್‌ನಲ್ಲಿ ಭುಜದ ಹತ್ತಿರ ಉಗುರು ಹೋಗುವಷ್ಟು ಸಂದಿ ಇತ್ತು. ಮೊದಲಿಗೆ ಅವಸರ ಮಾಡಿ ಅಂಗಡಿಯ ಇನ್‌ಸ್ಟಂಟ್ ಗಮ್ ಹಾಕಿದೆ. ಬೆಳಗಾಗುವಷ್ಟರಲ್ಲಿ ಎಡಗೈ ಮೇಲೆಲ್ಲಾ ಬಿಳಿ ಮಬ್ಬು ಕೂತಿತ್ತು. ಆ ಗಮ್ಮಿನ ಆವಿ ಹಾಗೆ ಮಾಡುತ್ತದೆ. ಇದಕ್ಕೆ ಬೇಕಾದದ್ದು ಪ್ಲಾಸ್ಟಿಕ್ ಸಿಮೆಂಟ್. ಅದು ಎರಡೂ ಅಂಚನ್ನು ಸ್ವಲ್ಪ ಕರಗಿಸಿ ಒಂದು ಮಾಡುತ್ತದೆ. ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ, ಒಂದು ಇಡೀ ದಿನ ಮುಟ್ಟದೆ ಬಿಡಬೇಕು. ಸಂದಿ ತುಂಬಲು ಕಾರಿನ ಬಣ್ಣ ಮಾರುವ ಅಂಗಡಿಯಲ್ಲಿ ಸಿಗುವ ಎನ್‌ಸಿ ಪುಟ್ಟಿ ಸಾಕು. ತೆಳ್ಳಗೆ ಎರಡು ಮೂರು ಸಲ ಹಚ್ಚಿ. ಒಂದೇ ಸಲ ದಪ್ಪಗೆ ಹಚ್ಚಿದರೆ ಒಣಗುತ್ತಾ ಕುಗ್ಗಿ ಬಿರುಕು ಬಿಡುತ್ತದೆ. ಆಮೇಲೆ 600, 1000 ನಂಬರ್ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಹಿಡಿದು ನಯ ಮಾಡಿ.

ಮೊದಲ ಸಲ ಪೆಟ್ಟಿಗೆ ಚಿತ್ರ ನೋಡಿಕೊಂಡು ಮುಖಕ್ಕೆ ಹಸಿರು ಹಚ್ಚಿದೆ. ಬಂದವರೆಲ್ಲಾ ಚೆನ್ನಾಗಿದೆ ಅಂದರು. ನನಗೆ ಮಾತ್ರ ಐದು ವರ್ಷವೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ನಾನು ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುವವನು. ನಾನು ಕಂಡ, ಮೆಚ್ಚಿದ ದೈತ್ಯ ಕಪ್ಪು ಬಿಳುಪಿನವನು. ಮೇಕಪ್ ಮಾಡಿದ ಜ್ಯಾಕ್ ಪಿಯರ್ಸ್ ಹಸಿರು ಬೆರೆತ ಬೂದು ಬಣ್ಣ ಹಚ್ಚಿದ್ದು ಫಿಲ್ಮಿನ ಮೇಲೆ ಹೆಣದ ಹಾಗೆ ಬಿಳಿಚಿಕೊಂಡು ಕಾಣಲಿ ಅಂತ. ಪರದೆ ಮೇಲೆ ಹಸಿರು ಇರಲೇ ಇಲ್ಲ, ಅಲ್ವಾ?

ಮೂರು ವರ್ಷದ ಕೆಳಗೆ ಗಟ್ಟಿ ಮನಸ್ಸು ಮಾಡಿ, ಬಿಡಿಸಲು ಬಂದ ಭಾಗಗಳನ್ನೆಲ್ಲಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಬೆಳಿಗ್ಗೆ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಅಕ್ರಿಲಿಕ್ ಬಣ್ಣ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬಂತು. ಪ್ಲಾಸ್ಟಿಕ್‌ಗೆ ಏನೂ ಆಗಲಿಲ್ಲ. ಕೂದಲಿನ ಎಳೆ, ಹಣೆಯ ಗಾಯದ ಗೆರೆ ಎಲ್ಲಾ ಹಾಗೇ ಇದ್ದವು. ಈ ಕಿಟ್ ಮೇಲೆ ನನಗೆ ಗೌರವ ಬಂದದ್ದು ಅವತ್ತು.

ಎರಡನೇ ಸಲ ಬರೀ ಬೂದು. ಕಪ್ಪು, ಬಿಳಿ ಎರಡೇ ಬಾಟಲಿ, ಬೆರೆಸಿ ಏಳು ಛಾಯೆ. ಮುಖಕ್ಕೇ ನಾಲ್ಕು ರಾತ್ರಿ ಹಿಡಿಯಿತು. ಕಾರ್ಲಾಫ್ ತಮ್ಮ ಕಟ್ಟಿಸಿದ ಹಲ್ಲು ತೆಗೆದು ಒಂದು ಕೆನ್ನೆಯನ್ನು ಒಳಕ್ಕೆ ಎಳೆದುಕೊಂಡು ನಟಿಸಿದ್ದರು. ಕಣ್ಣಿನ ರೆಪ್ಪೆಗೆ ಮೇಣ ಹಚ್ಚಿಸಿಕೊಂಡಿದ್ದರು, ಕಣ್ಣು ಜೀವ ಇದ್ದೂ ಇಲ್ಲದ ಹಾಗೆ ಕಾಣಲಿ ಅಂತ. ಆ ಕೆನ್ನೆಯ ಗುಳಿಗೆ ನೀರಾದ ಗಾಢ ಬೂದನ್ನು ಮೂರನೇ ನಂಬರ್ ಬ್ರಷ್‌ನಲ್ಲಿ ಬಿಟ್ಟು, ಅಂಚನ್ನು ಒದ್ದೆ ಬ್ರಷ್‌ನಿಂದ ಮೇಲಕ್ಕೆ ಎಳೆದೆ. ರೆಪ್ಪೆಯ ಕೆಳಗೆ ಕೂದಲಷ್ಟು ತೆಳ್ಳಗೆ ಒಂದು ಕಪ್ಪು ಗೆರೆ. ಅಷ್ಟೇ. ಅಲ್ಲಿವರೆಗೆ ಪ್ಲಾಸ್ಟಿಕ್ ಆಗಿದ್ದದ್ದು ಸುಸ್ತಾದ ಮುಖ ಆಯಿತು. ನನ್ನ ಕೈ ನಡುಗಿತು, ಬ್ರಷ್ ಕೆಳಗಿಟ್ಟೆ.

ಕಿಟ್‌ನಲ್ಲಿ ದೈತ್ಯ ನಡೆದು ಬರುವುದು ಗೋರಿಯ ಪಕ್ಕದಲ್ಲಿ. ಆ ಗೋರಿಕಲ್ಲು ಸುಮ್ನೆ ಬೂದು ಹಚ್ಚಿದರೆ ಸಿಮೆಂಟ್ ಹಲಗೆ ತರ ಕಾಣುತ್ತದೆ. ಒಂದು ಭಾನುವಾರ ಚಿತ್ರದುರ್ಗದ ಕೋಟೆಗೆ ಹೋಗಿದ್ದಾಗ ಬಂಡೆಗಳ ಮೇಲೆ ಮಳೆನೀರು ಇಳಿದ ಕಪ್ಪು ಪಟ್ಟೆಗಳನ್ನು ಮೊಬೈಲ್‌ನಲ್ಲಿ ತೆಗೆದುಕೊಂಡು ಬಂದೆ. ಮೇಲೆ ಅಗಲ, ಕೆಳಗೆ ಇಳಿಯುತ್ತಾ ಸಪೂರ, ನಡುವೆ ಅಲ್ಲಲ್ಲಿ ಕಡಿದುಹೋದ ಪಟ್ಟೆ. ಅದೇ ರೀತಿ ಗೋರಿಕಲ್ಲಿನ ಮೇಲೆ ಇಳಿಸಿದೆ. ಈಗ ಇಡೀ ಕಿಟ್‌ನಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಅದು.

ಹಸಿರು ಮುಖ ಇದ್ದಾಗ ಅಮ್ಮ ಸಂಜೆ ದೀಪ ಹಚ್ಚುವ ಮುಂಚೆ ಅದನ್ನು ಗೋಡೆ ಕಡೆ ತಿರುಗಿಸಿ ಇಡುತ್ತಿದ್ದರು. "ದೀಪ ಹಚ್ಚೋ ಹೊತ್ನಾಗೆ ಇದರ ಮುಖ ಯಾಕಪ್ಪಾ ನೋಡ್ಬೇಕು?" ಅನ್ನುತ್ತಿದ್ದರು. ಬೂದು ಬಣ್ಣ ಆದ ಮೇಲೆ ಒಂದು ದಿನ ಬಗ್ಗಿ ನೋಡಿ, "ಇವ್ನಿಗೆ ಏನೋ ದುಃಖ ಐತಿ ಕಣಪ್ಪಾ" ಅಂದರು. ಆಮೇಲೆ ತಿರುಗಿಸಿಲ್ಲ. ನಾನು ಎಷ್ಟೋ ಸಲ ಆ ಸಿನಿಮಾ ನೋಡಿದ್ದೇನೆ, ಅಮ್ಮ ಒಂದು ಸಲವೂ ನೋಡಿಲ್ಲ.

ನಮ್ಮ ಊರಿನ ಹವಾಮಾನದ ಬಗ್ಗೆ ಎರಡು ಮಾತು. ಏಪ್ರಿಲ್ ಮಧ್ಯಾಹ್ನ ಟೆರೇಸ್ ಮೇಲೆ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚಿನ ಅಡಿಪದರ, ಸ್ಪ್ರೇ ಮಾಡಬೇಡಿ. ಬಣ್ಣ ಗಾಳಿಯಲ್ಲೇ ಒಣಗಿ ಗೊಂಬೆ ಮೇಲೆ ಮರಳು ಮರಳಾಗಿ ಬೀಳುತ್ತದೆ. ಬೆಳಿಗ್ಗೆ ಏಳರ ಒಳಗೆ ಮುಗಿಸಿ. ಮಳೆಗಾಲದಲ್ಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹಾಲು ಬಿದ್ದಂತೆ ಬೆಳ್ಳಗಾಗುತ್ತದೆ, ಮೋಡ ಬಿಟ್ಟ ದಿನ ನೋಡಿ ಹೊಡೆಯಿರಿ. ನಮ್ಮ ಮನೆ ಕಡೆ ಮಂಡಕ್ಕಿ ಭಟ್ಟಿಗಳ ಮಸಿ ಬರುತ್ತದೆ. ಅದು ಬರೀ ಧೂಳಿನ ಹಾಗೆ ಊದಿದರೆ ಹೋಗುವುದಿಲ್ಲ, ಮ್ಯಾಟ್ ಮೇಲ್ಮೈಯಲ್ಲಿ ಕಚ್ಚಿಕೊಳ್ಳುತ್ತದೆ. ತೆರೆದ ಶೆಲ್ಫಿನಲ್ಲಿ ಇಟ್ಟ ಮೊದಲ ವರ್ಷ ಭುಜದ ಮೇಲೆ ಕರಿ ಪದರವೇ ಕೂತಿತ್ತು. ಗಾಜಿನ ಬಾಗಿಲಿನ ಕಪಾಟು ಮಾಡಿಸಿ, ಬಾಗಿಲಂಚಿಗೆ ಫೋಮ್ ಪಟ್ಟಿ ಅಂಟಿಸಿದ ಮೇಲೆ ತಿಂಗಳಿಗೊಮ್ಮೆ ಮೆತ್ತನೆ ಮೇಕಪ್ ಬ್ರಷ್ ಆಡಿಸಿದರೆ ಸಾಕಾಗುತ್ತದೆ. ನೇರ ಬಿಸಿಲು ಬೀಳುವ ಕಿಟಕಿ ಹತ್ತಿರ ಮಾತ್ರ ಇಡಬೇಡಿ.

ಸಾಗಣೆ, ಕಸ್ಟಮ್ಸ್ ಎಲ್ಲಾ ಸೇರಿ ನನಗೆ ಆಗ ಸುಮಾರು 4,200 ರೂಪಾಯಿ ಬಿತ್ತು. ಬಣ್ಣ, ಬ್ರಷ್, ಸಿಮೆಂಟ್‌ಗೆ ಇನ್ನೊಂದು 1,500 ಇಟ್ಟುಕೊಳ್ಳಿ. ಪೆಟ್ಟಿಗೆ ಬಂದ ದಿನವೇ ಭಾಗಗಳನ್ನು ಎಣಿಸಿ ಫೋಟೋ ತೆಗೆದಿಡಿ. ನನ್ನದು ಜಜ್ಜಿಹೋಗಿ ಬಂದಿತ್ತು, ಸೂಚನೆ ಹಾಳೆ ಹರಿದಿತ್ತು, ಪುಣ್ಯಕ್ಕೆ ಭಾಗಗಳು ಎಲ್ಲಾ ಇದ್ದವು.

ಈಗ ಮೇಜಿನ ಮೇಲೆ ಇರುವುದು ಫ್ಯಾಂಟಮ್ ಕಿಟ್. 1925ರ 'ದಿ ಫ್ಯಾಂಟಮ್ ಆಫ್ ದಿ ಒಪೆರಾ' ಮೂಕಿ ಸಿನಿಮಾದ ನಟ ಲಾನ್ ಚೇನಿ, ಕೈಯಲ್ಲಿ ಕಳಚಿದ ಮುಖವಾಡ, ಪೀಠದಲ್ಲಿ ಕಂಬಿ ಹಿಂದೆ ಒಬ್ಬ ಕೈದಿ. ಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಇಟ್ಟಿದ್ದೇನೆ. ಇವನಿಗೂ ಬೂದು ಬಣ್ಣವೇ. ಕೈದಿಯ ಮುಖದಿಂದ ಶುರು ಮಾಡುತ್ತೇನೆ.